ಬಿಟ್ಟುಹೋದ ‘ಸಿ’

ಆಗಸ್ಟ್ ೨೬, ಬೆಳಿಗ್ಗೆ

ಗೇಟಿನ ಬೋರ್ಡಿನಲ್ಲಿ ‘ಶಾಲೆ’ ಮತ್ತೆ ‘ಶಲೆ’ ಆಗಿದೆ. ಪ್ರತಿ ಮಳೆಗಾಲವೂ ಅದೊಂದು ದೀರ್ಘವೇ ಅಳಿಸಿಹೋಗುವುದು ಯಾಕೋ. ನೀರು ಅಲ್ಲೇ ಇಳಿಯುತ್ತಿರಬೇಕು. ಏಣಿ ಹಾಕಿ ತಿದ್ದಿದೆ. ಕೆಳಗೆ ಮಕ್ಕಳ ದಂಡು. ಒಬ್ಬಳು ಕೇಳಿದಳು, “ಬೋರ್ಡಜ್ಜಾ, ನೀವು ಬಿದ್ರೆ ನಮಗೆ ರಜೆ ಕೊಡ್ತಾರಾ?”

“ಅರ್ಧ ದಿನ ಕೊಟ್ರೂ ಕೊಡ್ಬಹುದು” ಅಂದೆ. ಪಾಪ, ಇಳಿಯುವ ತನಕ ಆಸೆಯಿಂದ ನೋಡುತ್ತ ನಿಂತಿದ್ದವು.

ಕೈ ನಡುಗಲಿಲ್ಲ. ಈ ವಯಸ್ಸಿಗೆ ಇದು ಬರೆದಿಡಬೇಕಾದ ಸಂಗತಿ.

ಅಕ್ಕನಿಗೆ ಕಾಗದ ಹಾಕಿ ಬಂದೆ. ಅವಳಿಗೆ ಕಣ್ಣು ಮಂಜಾದ ಮೇಲೆ ಅವಳ ಅಳಿಯನೇ ಓದಿ ಹೇಳುತ್ತಾನೆ. ಒಳ್ಳೆಯವನು. ಆದರೆ ಓದುವಾಗ ನಡುನಡುವೆ ತನ್ನದೂ ನಾಲ್ಕು ಮಾತು ಸೇರಿಸುತ್ತಾನೆ. ಹೋದ ಸಲ ನನ್ನ ಮಂಡಿನೋವಿಗೆ ಅವನೇ ಔಷಧ ಬರೆದಿದ್ದ. ಅದಕ್ಕೇ ಈಗ ಕಾಗದದಲ್ಲಿ ಬಿಸಿಲು, ಮಳೆ, ಕ್ಷೇಮ. ಮಿಕ್ಕದ್ದೆಲ್ಲ ಇಲ್ಲಿ. ಇದು ದಿನಚರಿಯಲ್ಲ, ಅಕ್ಕನಿಗೆ ಹಾಕದ ಕಾಗದ; ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ.

ಆಗಸ್ಟ್ ೨೯

ಇವತ್ತು ನಗರಸಭೆಯ ಇಂಜಿನಿಯರ್ ಬಂದಿದ್ದರು. ಶಾಲೆಯ ಹಳೆ ಕಟ್ಟಡ ನೋಡಲು. ಹೆಂಚಿನ ಮಾಡು, ಉದ್ದ ಜಗಲಿ, ಒಂದಕ್ಕೊಂದು ಅಂಟಿಕೊಂಡ ನಾಲ್ಕು ಕೋಣೆ. ನನ್ನ ಅಪ್ಪ ಸುಣ್ಣ ಬಳಿದ ಕಟ್ಟಡ. ಅಕ್ಕ ಓದಿದ ಕಟ್ಟಡ. ಈಗ ನನ್ನ ಮಗಳು ಅಲ್ಲೇ ಹೆಡ್ ಮೇಡಂ. ನಾನೊಬ್ಬನೇ ಒಳಗೆ ಕೂತು ಓದದವನು. ಆದರೂ ಪ್ರತಿ ಕೋಣೆಯ ಮೇಲಿರುವ ಅಕ್ಷರ ನನ್ನದು.

ಇಂಜಿನಿಯರ್ ಕೆಟ್ಟವರಲ್ಲ. ಬೂಟು ಬಿಚ್ಚಿ, ಏಣಿ ಹತ್ತಿ, ತೊಲೆಗಳನ್ನೆಲ್ಲ ಬೆರಳಿನಿಂದ ತಟ್ಟಿ ನೋಡಿದರು. ಮರ ಚೆನ್ನಾಗಿದೆ ಅಂದರು. ಬಾಗಿಲು ಕಿಟಕಿ ಚೆನ್ನಾಗಿವೆ ಅಂದರು. ಕೊನೆಯ ಕೋಣೆಗೆ ಬಂದರು. ಅಲ್ಲಿಗೆ ಮುಗಿಯಿತು. ಅದರ ಉತ್ತರದ ಗೋಡೆ ಎದೆಯೆತ್ತರದವರೆಗೆ ಹಸಿ. ಬಣ್ಣವೆಲ್ಲ ಹಪ್ಪಳದ ಹಾಗೆ ಎದ್ದಿದೆ. ನಾನೇ ಎಷ್ಟು ಸಲ ಬಳಿದಿದ್ದೇನೋ, ನಿಲ್ಲುವುದಿಲ್ಲ. ಅವರ ಹತ್ತಿರ ತೇವ ಅಳೆಯುವ ಒಂದು ಮೀಟರ್ ಇತ್ತು, ಎರಡು ಮೊಳೆ ಇರುವಂಥದ್ದು. ಗೋಡೆಗೆ ಚುಚ್ಚಿದ ಕಡೆಯೆಲ್ಲ ಕುಯ್ಯೋ ಅಂತು.

“ಮೇಡಂ, ಈ ಗೋಡೆ ಹೋದ್ರೆ ಮಾಡು ನಿಲ್ಲಲ್ಲ. ಮಾಡು ಹೋದ್ರೆ ಕಟ್ಟಡಾನೇ ಇಲ್ಲ” ಅಂದರು.

ಮಗಳು ಅಲ್ಲಾಡಲಿಲ್ಲ. “ಹೊಸ ಕಟ್ಟಡ ಬೇಡ ಅಂತ ನಾನು ಹೇಳ್ತಿಲ್ಲ ಸಾರ್. ಹಿಂದೆ ಜಾಗ ಇದೆ, ಕಟ್ಟಿ. ಇದನ್ನ ಯಾಕೆ ಕೆಡವ್ಬೇಕು? ಮುಂದೆ ಬರೋ ಮಕ್ಕಳಿಗೂ ಈ ಜಗಲಿ ಬೇಕಲ್ವಾ?”

ಅವರು ಸ್ವಲ್ಪ ಹೊತ್ತು ಗೋಡೆ ನೋಡಿದರು. ಆಮೇಲೆ, “ಮಳೆ ಮುಗೀಲಿ. ನವೆಂಬರಲ್ಲಿ ಇನ್ನೊಂದ್ಸಲ ಬರ್ತೀನಿ. ಗೋಡೆ ಒಣಗಿದ್ರೆ ಉಳಿಸೋಣ, ಇಲ್ಲಾಂದ್ರೆ ಕೆಡವೋದೇ. ಅಲ್ಲೀವರೆಗೆ ಆ ಗೋಡೆಗೆ ಯಾರೂ ಕೈ ಹಚ್ಬಾರದು. ಬಣ್ಣ ಬಳಿದು ಮುಚ್ಚಿಟ್ಬಿಟ್ರೆ ನನಗೆ ಗೊತ್ತಾಗಲ್ಲ.” ಹೇಳಿದ್ದು ಮಗಳಿಗೆ, ನೋಡಿದ್ದು ನನ್ನನ್ನು.

“ಯಾರೂ ಕೈ ಹಚ್ಚಲ್ಲ. ಅದು ನನ್ನ ಜವಾಬ್ದಾರಿ” ಅಂದಳು ಮಗಳು.

ಸೆಪ್ಟೆಂಬರ್ ೧

ಅಕ್ಕನ ಫೋನು. ನಾನು ಅವಳಿಗೆ ಕಟ್ಟಡದ ವಿಷಯ ತಿಳಿಸಿರಲಿಲ್ಲ, ಆದರೂ ಅವಳಿಗೆ ಗೊತ್ತು. ಮಗಳು ಹೇಳಿರಬೇಕು.

“ಕುಳ್ಳಾ, ಯಾವ ಕೋಣೆಯಂತೆ?”

ಎಪ್ಪತ್ತು ದಾಟಿದೆ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ ಬೇರೆ. ಅವಳಿಗೆ ಮಾತ್ರ ಇನ್ನೂ ಕುಳ್ಳ.

“ಕೊನೇದು.”

“ಅಯ್ಯೋ, ನಾವು ಬರೀತಿದ್ದ ಗೋಡೆ ಅದೇ ಅಲ್ವೇನೋ?”

ಮತ್ತೆ ಅದೇ. ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಅವಳ ಕಾಲದಲ್ಲಿ ಸ್ಲೇಟ್ ಇರಲಿಲ್ಲವಂತೆ, ಮಕ್ಕಳೆಲ್ಲ ಸಾಲಾಗಿ ನಿಂತು ಗೋಡೆಯ ಮೇಲೇ ಬರೆಯುತ್ತಿದ್ದರಂತೆ. ನಾನು ಬ್ರಷ್ ಹಿಡಿದಾಗಿನಿಂದ ಆ ಗೋಡೆ ನೋಡಿದ್ದೇನೆ. ಬಿಳಿ. ಆಮೇಲೆ ತಿಳಿ ಹಳದಿ. ಆಮೇಲೆ ತಿಳಿ ಹಸಿರು. ಬರೆದರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದ ಗೋಡೆ.

“ಗೋಡೆ ಮೇಲೆ ಬರೆದು ಒದೆ ತಿಂದಿದ್ದನ್ನ ಪಾಠ ಅಂತೀಯಾ ನೀನು” ಅಂದೆ, ಯಾವಾಗಲೂ ಅನ್ನುವ ಹಾಗೆ.

“ನಗು, ನಗು. ನಿನಗೆ ಶಾಲೆ ಅಂದ್ರೆ ಹೊರಗಿನ ಬೋರ್ಡು. ಒಳಗಿಂದು ನಿನಗೇನು ಗೊತ್ತು?”

ಸುಳ್ಳಲ್ಲ. ಅಪ್ಪನ ಹಿಂದೆ ಸುಣ್ಣದ ಬಕೆಟ್ ಹಿಡಿದು ಹೋದವನು ಅಲ್ಲೇ ಉಳಿದುಬಿಟ್ಟೆ. ಓದಲು ಬರುವ ಮೊದಲೇ ಬರೆಯಲು ಬಂತು ನನಗೆ. ಇದ್ದ ಬೋರ್ಡನ್ನು ನೋಡಿ ಹಾಗೇ ತಿದ್ದುವುದು. ‘ಇಲ್ಲಿ ಉಗುಳಬಾರದು’ ಅಂತ ಊರೆಲ್ಲ ಬರೆದೆ, ಅರ್ಥ ಗೊತ್ತಾದದ್ದು ಒಂದು ದಿನ ಅಲ್ಲೇ ಉಗುಳಿ ಬೈಸಿಕೊಂಡ ಮೇಲೆ.

ಸೆಪ್ಟೆಂಬರ್ ೨೨

ಮಳೆ ಬಿಡುತ್ತಿಲ್ಲ. ಕೊನೆಯ ಕೋಣೆಗೆ ಮಗಳು ಬೀಗ ಹಾಕಿಸಿದ್ದಾಳೆ. ಆ ಕ್ಲಾಸಿನ ಮಕ್ಕಳು ಜಗಲಿಯಲ್ಲಿ. ಇರಚಲು ಹೊಡೆದಾಗ ಎಲ್ಲ ಒಟ್ಟಿಗೆ ಗೋಡೆ ಕಡೆ ಸರಿಯುತ್ತವೆ, ಮಗ್ಗಿ ಬಿಡದೆ. ಏಳೇಳಲಿ ಅನ್ನುತ್ತಲೇ ಸರಿದವು, ನಲವತ್ತೊಂಬತ್ತು ಅನ್ನುವಾಗ ಗೋಡೆಗೆ ಒರಗಿದ್ದವು. ನಗು ಬಂತು.

ಮಗಳಿಗೆ ನಗು ಬರುತ್ತಿಲ್ಲ. ದಿನಾ ಬೀಗ ತೆಗೆದು ಗೋಡೆಗೆ ಅಂಗೈ ಇಟ್ಟು ನೋಡುತ್ತಾಳೆ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

ಅಕ್ಟೋಬರ್ ೪

ರಜೆ ಶುರು. ಮಳೆಯೂ ನಿಂತಿದೆ. ಮಿಕ್ಕ ಕೋಣೆಗಳ ಸಣ್ಣಪುಟ್ಟ ರಿಪೇರಿಗೆ ಮೇಸ್ತ್ರಿ ಬರುತ್ತಾನೆ. ಬೇರೆ ಊರಿನವನು, ಮೆತ್ತಗಿನ ಮಾತು. ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಅಂತ ಚಾಕ್‌ಪೀಸಿನಲ್ಲಿ ಗುರುತು ಹಾಕಿಡಲು ಮಗಳು ನನಗೆ ಹೇಳಿದಳು. ನಾಳೆ ಬೆಳಿಗ್ಗೆ ಅವಳಿಗೆ ಆಫೀಸಿನಲ್ಲಿ ಮೀಟಿಂಗ್.

ಇಡೀ ದಿನ ಅದೇ ಕೆಲಸ. ಮುರಿದ ಕಪಾಟಿಗೆ ‘ತೆಗಿ’. ಸಡಿಲ ಹೆಂಚಿಗೆ ‘ತೆಗಿ’. ಬಾಗಿಲು, ಕಿಟಕಿ, ಕಲ್ಲಿನ ಹೊಸ್ತಿಲು, ಎಲ್ಲಕ್ಕೂ ‘ಉಳಿ’. ಅಕ್ಷರ ದುಂಡಗೆ ಬಂತು. ಕೊನೆಗೆ ಉತ್ತರದ ಗೋಡೆ. ಅದಕ್ಕೆ ಯಾರೂ ಕೈ ಹಚ್ಚಬಾರದು, ಸರಿಯಾಗಿ ಕಾಣಲಿ ಅಂತ ಮೊಳದುದ್ದದ ‘ಉಳಿ’ ಬರೆದು, ಸುತ್ತ ಚೌಕಟ್ಟು ಹಾಕಿ, ಕೆಳಗೆ ಎರಡು ಗೆರೆ ಎಳೆದೆ. ಚೆನ್ನಾಗಿ ಬಂದಿದೆ. ಸ್ವಲ್ಪ ಹೊತ್ತು ನಿಂತು ನೋಡಿದೆ.

ಬೀಗದ ಕೈ ಮೇಸ್ತ್ರಿಗೆ ಕೊಟ್ಟು ಬಂದೆ, ಆ ಕೋಣೆಯ ಹೆಂಚೂ ತೆಗೆಯಬೇಕಲ್ಲ.

ಅಕ್ಟೋಬರ್ ೫, ಮಧ್ಯಾಹ್ನ

ಏನು ಬರೆಯಲಿ.

ಹನ್ನೊಂದರ ಸುಮಾರಿಗೆ ಹೋದೆ. ಗೇಟಿನಿಂದಲೇ ಸದ್ದು. ಠಣ್, ಠಣ್, ಠಣ್. ಕೊನೆಯ ಕೋಣೆಯಿಂದ ಬೂದು ಧೂಳು ಮೋಡದ ಹಾಗೆ. ಮೇಸ್ತ್ರಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಉತ್ತರದ ಗೋಡೆಗೆ ಉಳಿ ಇಟ್ಟು ಸುತ್ತಿಗೆ ಹೊಡೆಯುತ್ತಿದ್ದಾನೆ. ಎದೆಯೆತ್ತರದ ಪ್ಲಾಸ್ಟರ್ ಆ ತುದಿಯಿಂದ ಈ ತುದಿವರೆಗೆ ನೆಲದ ಮೇಲಿದೆ.

“ಏನಪ್ಪಾ ಮಾಡ್ತಿದ್ದೀಯಾ!” ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

ಅವನು ಬಟ್ಟೆ ಇಳಿಸಿ ನಕ್ಕ. “ಬನ್ನಿ ಯಜಮಾನ್ರೇ. ಇಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಬರೆದಿದ್ರಲ್ಲಾ, ಅರ್ಜೆಂಟ್ ಇರ್ಬೇಕು ಅಂತ ಮೊದ್ಲು ಇದನ್ನೇ ಹಿಡ್ಕೊಂಡೆ.”

“ಏನಂತ ಬರೆದಿದ್ದೆ?”

“ಉಳಿ ಅಂತ.” ಕೈಯಲ್ಲಿದ್ದ ಉಳಿ ಎತ್ತಿ ತೋರಿಸಿದ. “ತೆಗಿ ಅಂದ್ರೆ ತೆಗೀಬೇಕು, ಉಳಿ ಅಂದ್ರೆ ಉಳಿ ಹಾಕ್ಬೇಕು. ಸರಿ ತಾನೆ?”

ನೆಲದ ಮೇಲೆ ಕೂತುಬಿಟ್ಟೆ. ಉಳಿದುಕೋ ಅಂತ ಬರೆದರೆ ಉಳಿ ತಗೋ ಅಂತ ಓದಿದ್ದಾನೆ. ಅವನದು ತಪ್ಪಲ್ಲ. ಗೋಡೆಗೆ ಯಾರು ‘ಉಳಿದುಕೋ’ ಅಂತ ಹೇಳುತ್ತಾರೆ?

ಆಮೇಲೆ ಗಾಬರಿಯಿಂದ, “ಬಾಗಿಲಿಗೂ ಬರೆದಿದ್ನಲ್ಲಾ...” ಅಂದೆ.

“ಬಾಗಿಲಿಗೂ ಉಳಿ ಅಂತ ಇತ್ತು. ಅದು ಬಡಗಿ ಉಳಿ. ಅವನ ಕೆಲಸಕ್ಕೆ ನಾನ್ಯಾಕೆ ಕೈ ಹಾಕ್ಲಿ?”

ದೇವರು ದೊಡ್ಡವನು. ಬಡಗಿ ಬಂದಿರಲಿಲ್ಲ.

ಅಕ್ಟೋಬರ್ ೫, ಸಂಜೆ

ಮಗಳು ಬಂದಳು. ನೋಡಿದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಅಪ್ಪಾ, ಉಳಿಸಿ ಅಂತ ಬರೆಯೋಕೆ ಏನಾಗಿತ್ತು?”

“ಅಭ್ಯಾಸ ಕಣೇ...”

ಅಭ್ಯಾಸವೇ. ಬೋರ್ಡಿನ ಕೆಲಸದಲ್ಲಿ ಅಕ್ಷರದ ಲೆಕ್ಕ. ಬರೆಸುವವರು ಒಂದೊಂದು ಅಕ್ಷರಕ್ಕೂ ಚೌಕಾಸಿ ಮಾಡುತ್ತಿದ್ದರು, ತಗಡೂ ಚಿಕ್ಕದು. ‘ತೆಗೆಯಿರಿ’ ನನ್ನ ಕೈಯಲ್ಲಿ ‘ತೆಗಿ’ ಆಗುತ್ತಿತ್ತು. ‘ನಿಲ್ಲಿಸಬೇಡಿ’ಯನ್ನು ಒಮ್ಮೆ ‘ನಿಲ್ಬೇಡಿ’ ಮಾಡಿ, ಸೈಕಲ್ ನಿಲ್ಲಿಸಬಾರದ ಜಾಗದಲ್ಲಿ ಮನುಷ್ಯರೇ ನಿಲ್ಲದ ಹಾಗೆ ಮಾಡಿದವನು ನಾನು. ಕಾಗದ ಬರೆದರೆ ಅಕ್ಕ ಹೇಳುತ್ತಿದ್ದಳು, ಇದು ಕಾಗದವೋ ತಂತಿಯೋ ಅಂತ.

ಮಗಳು ನೆಲದ ಚೂರುಗಳನ್ನೇ ನೋಡುತ್ತ ಹೇಳಿದಳು, “ಒಂದು ‘ಸಿ’ ಉಳಿಸೋಕೆ ಹೋಗಿ ಸ್ಕೂಲನ್ನೇ ಕಳ್ಕೊಂಡ್ವಿ. ಯಾರೂ ಕೈ ಹಚ್ಚಲ್ಲ, ನನ್ನ ಜವಾಬ್ದಾರಿ ಅಂತ ಹೇಳಿದ್ದೆ ಅವರಿಗೆ.”

ಮಾತು ಮನೆ ಕೆಡಿಸಿತು ಅನ್ನುತ್ತಾರೆ. ಇಲ್ಲಿ ಮಾತೂ ಅಲ್ಲ. ಒಂದು ಅಕ್ಷರ, ಅದೂ ಬರೆಯದ್ದು.

ಅಕ್ಟೋಬರ್ ೯

ಬರೆಯಲು ಮನಸ್ಸಿರಲಿಲ್ಲ. ಮನೆಯಲ್ಲಿ ಮಾತು ಕಡಿಮೆ. ಅವಳು ನನಗೆ ಚಹಾ ಕೊಡುತ್ತಾಳೆ, ಲೋಟದ ಸದ್ದಾಗದ ಹಾಗೆ ಇಡುತ್ತಾಳೆ. ಇಂಜಿನಿಯರಿಗೆ ಇನ್ನೂ ಫೋನ್ ಮಾಡಿಲ್ಲ. ದಿನಾ ಫೋನ್ ತೆಗೆಯುತ್ತಾಳೆ, ಮತ್ತೆ ಮೇಜಿನ ಮೇಲಿಡುತ್ತಾಳೆ.

ಇವತ್ತು ಬೆಳಿಗ್ಗೆ ಎದ್ದು ಪೊರಕೆ, ಬಕೆಟ್ ತಗೊಂಡು ಹೋದೆ. ಕೆಡಿಸಿದ್ದನ್ನು ಸರಿಮಾಡಲು ಆಗದಿದ್ದರೂ ಗುಡಿಸಬಹುದಲ್ಲ. ಚೂರುಗಳನ್ನು ಬುಟ್ಟಿಯಲ್ಲಿ ಹೊರಗೆ ಹಾಕಿದೆ. ಸಿಮೆಂಟಿನ ಚಕ್ಕೆಗಳು, ಬಿಸ್ಕತ್ತಿನ ಹಾಗೆ, ಹಿಂಬದಿ ಇನ್ನೂ ಒದ್ದೆ. ಆಮೇಲೆ ಗೋಡೆಯ ಧೂಳು ಕೂರಲಿ ಅಂತ ಒದ್ದೆ ಬಟ್ಟೆ ಆಡಿಸಿದೆ.

ಬಟ್ಟೆ ಹೋದ ಕಡೆ ಕಪ್ಪು.

ಕೊಳೆ ಅಂದುಕೊಂಡೆ. ಮತ್ತೆ ಒರೆಸಿದೆ. ಇನ್ನೂ ಕಪ್ಪಾಯಿತು. ಪಕ್ಕಕ್ಕೆ ಹೋದೆ, ಅಲ್ಲೂ ಕಪ್ಪು. ನನ್ನ ಸೊಂಟದ ಹತ್ತಿರ ಒಂದು ಕಪ್ಪು ಪಟ್ಟಿ, ಗೋಡೆಯ ಈ ಮೂಲೆಯಿಂದ ಆ ಮೂಲೆಯವರೆಗೆ. ನುಣ್ಣಗೆ ಉಜ್ಜಿದ ಸುಣ್ಣದ ಗಾರೆ, ಅದರ ಮೇಲೆ ಕಪ್ಪು. ಮೇಲಂಚಿಗೆ ಒಂದು ಕೆಂಪು ಗೆರೆ. ಕೆಂಪು ಗೆರೆಯ ಕೆಳಗೆ ಬಿಳಿ ಬಣ್ಣದಲ್ಲಿ ಅಂಕಿಗಳು. ೧. ೨. ೩. ಎರಡು ಅಂಕಿಗಳ ನಡುವೆ ಒಂದು ಮಗು ನಿಲ್ಲುವಷ್ಟು ಜಾಗ.

ಅಕ್ಕನ ಸ್ಲೇಟು.

ಕಿಟಕಿಕಟ್ಟೆಯ ಮೇಲೆ ಕೂತೆ. ಇಷ್ಟು ವರ್ಷ ನಕ್ಕಿದ್ದೇನೆ. ಮದುವೆ ಮನೆಯಲ್ಲಿ ನೂರು ಜನರ ಮುಂದೆ ನಕ್ಕಿದ್ದೇನೆ, ಗೋಡೆ ಮೇಲೆ ಕಲಿತ ಪಂಡಿತೆ ಅಂತ. ಅವಳು ಶಾಲೆ ಬಿಟ್ಟ ಮೇಲೆ ಯಾವಾಗಲೋ ಸಿಮೆಂಟ್ ಬಳಿದು ಮುಚ್ಚಿರಬೇಕು. ಸಿಮೆಂಟ್ ಹಿಡಿಯಲಿ ಅಂತ ಆಗಲೂ ಯಾರೋ ಉಳಿ ಹಾಕಿ ಕಪ್ಪಿನ ಮೇಲೆಲ್ಲ ಕಚ್ಚು ಹೊಡೆದಿದ್ದಾರೆ, ಆ ಗುಳಿಗಳು ಹಾಗೇ ಇವೆ. ಉಳಿಯಿಂದ ಮುಚ್ಚಿದ್ದು ಉಳಿಯಿಂದಲೇ ತೆರೆಯಿತು.

ಮಕ್ಕಳು ಬರೆದದ್ದು ಒಂದೂ ಕಾಣುವುದಿಲ್ಲ. ಬರೀ ಗೀರುಗಳು. ಆದರೆ ಆ ಅಂಕಿಗಳು! ಯಾರ ಕೈಯೋ. ನನಗಿಂತ ಮುಂಚೆ ಈ ಊರಲ್ಲಿ ಯಾರೋ ಒಬ್ಬ ಬ್ರಷ್ ಹಿಡಿದಿದ್ದ. ೯ರ ಬಾಲವನ್ನು ಒಂದೇ ಎಳೆತದಲ್ಲಿ ಎಳೆದು, ತುದಿಯಲ್ಲಿ ಬ್ರಷ್ಷನ್ನು ಹಗುರ ಮಾಡಿದ್ದಾನೆ. ನನಗೆ ಅದು ಇವತ್ತಿಗೂ ಬಾರದು. ನನ್ನ ೯ ಯಾವಾಗಲೂ ಕಾಲು ಊರಿ ನಿಂತ ಹಾಗೆ.

ಮನೆಗೆ ಓಡಿದೆ. ಓಡಿದೆ ಅಂದರೆ ನನ್ನ ಓಟ. ಮಗಳು ತರಕಾರಿ ಹೆಚ್ಚುತ್ತಿದ್ದಳು. “ಬಾ” ಅಂದೆ. ಕೈಯಲ್ಲಿ ಚಾಕು ಹಿಡಿದೇ ಬಂದಳು ಪಾಪ, ಇನ್ನೇನು ಬಿತ್ತೋ ಅಂತ.

ನೋಡಿದಳು. ೧ರಿಂದ ಶುರು ಮಾಡಿ ಬೆರಳಾಡಿಸುತ್ತ ಕೊನೆಯವರೆಗೆ ನಡೆದಳು. ಮತ್ತೆ ವಾಪಸ್ ಬಂದಳು. “ಅತ್ತೆ ಸುಳ್ಳು ಹೇಳ್ತಿರಲಿಲ್ಲ” ಅಂದಳು.

ನಾಲ್ಕು ದಿನದ ಮೇಲೆ ನನ್ನ ಜೊತೆ ಒಂದು ಪೂರ್ತಿ ವಾಕ್ಯ.

ಅಕ್ಟೋಬರ್ ೧೦

ಅಕ್ಕನಿಗೆ ಫೋನ್ ಮಾಡಿದೆ. ಹೇಗೆ ಹೇಳುವುದು ಅಂತ ಹೊಳೆಯದೆ, “ಅಕ್ಕಾ, ನಿನ್ನ ಗೋಡೆ ಸಿಕ್ಕಿತು” ಅಂದೆ.

“ಕಳೆದುಹೋಗಿತ್ತೇನೋ?”

ಎಲ್ಲ ಹೇಳಿದೆ. ಕಪ್ಪು ಪಟ್ಟಿ, ಕೆಂಪು ಗೆರೆ, ಅಂಕಿ. ಆ ಕಡೆ ಸುಮ್ಮನಾದಳು. ಅತ್ತಳೇನೋ ಅಂದುಕೊಂಡೆ. ಇಲ್ಲ. ಅಳಿಯನನ್ನು ಕೂಗಿ ಕರೆದು, “ಬಾಪ್ಪಾ ಇಲ್ಲಿ, ಇವನ ಬಾಯಿಂದ ಇನ್ನೊಂದ್ಸಲ ಹೇಳಿಸ್ತೀನಿ, ಸಾಕ್ಷಿಗೆ ಇರು” ಅಂದಳು. ಸಾಕ್ಷಿ ಸಮೇತ ಎರಡು ಸಲ ಹೇಳಿಸಿದಳು.

ಆಮೇಲೆ ಮೆತ್ತಗೆ, “ನಂದು ಒಂಬತ್ತು ಕಣೋ. ಕಿಟಕಿ ಪಕ್ಕ. ಹತ್ತರಲ್ಲಿ ಒಬ್ಬಳಿದ್ಲು, ಅವರು ಊರು ಬಿಟ್ಟು ಹೋದ್ರು. ಆಮೇಲೆ ಹತ್ತು ಖಾಲಿ. ನಿನ್ನ ಕರ್ಕೊಂಡು ಹೋಗಿ ಅಲ್ಲಿ ನಿಲ್ಲಿಸ್ಬೇಕು ಅಂತ ದಿನಾ ಅಂದ್ಕೋತಿದ್ದೆ. ನೀನು ಬಕೆಟ್ ಹಿಡ್ಕೊಂಡು ಅಪ್ಪನ ಬಾಲ ಆಗಿದ್ದೆ.”

ಇದನ್ನು ಅವಳು ಹಿಂದೆ ಎಂದೂ ಹೇಳಿರಲಿಲ್ಲ. ನಾನು ಹೇಳಲು ಬಿಟ್ಟರೆ ತಾನೆ. ಗೋಡೆ ಅಂದ ಕೂಡಲೇ ನಗುತ್ತಿದ್ದೆ.

“ಕೆಡವ್ತಾರಾ ಕುಳ್ಳಾ?”

“ಗೊತ್ತಿಲ್ಲ ಅಕ್ಕಾ” ಅಂದೆ. ನಿಜ ಗೊತ್ತಿಲ್ಲ.

ಅಕ್ಟೋಬರ್ ೧೨

ಮಗಳೇ ಇಂಜಿನಿಯರಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಮುಚ್ಚಿಡಲಿಲ್ಲ. ಮಧ್ಯಾಹ್ನವೇ ಬಂದರು. ಮುಖ ಗಂಟು.

“ಒಂದೇ ಒಂದು ಮಾತು ಹೇಳಿದ್ದೆ ಮೇಡಂ ನಾನು.”

ನಾನು ಮುಂದೆ ಹೋದೆ. “ತಪ್ಪು ನಂದು ಸಾರ್. ಉಳಿಸಿ ಅಂತ ಬರೀಬೇಕಿತ್ತು, ಉಳಿ ಅಂತ ಬರೆದೆ. ಮೇಸ್ತ್ರಿ ಉಳಿ ತಗೊಂಡ.”

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಆದ ಮೇಲೆ ಆ ಕಡೆ ತಿರುಗಿ ಕರವಸ್ತ್ರ ಬಾಯಿಗೆ ಹಿಡಿದುಕೊಂಡರು. ಬೆನ್ನು ಅಲುಗುತ್ತಿತ್ತು. ತಿರುಗಿದಾಗ ಮತ್ತೆ ಮುಖ ಗಂಟು, ಆದರೆ ಮೊದಲಿನ ಗಂಟಲ್ಲ.

ಗೋಡೆಯ ಹತ್ತಿರ ಮಂಡಿಯೂರಿ ಕೂತರು. ಕಪ್ಪು ಪಟ್ಟಿ ನೋಡಿದರು, ಅಂಕಿ ನೋಡಿದರು. ಹೊರಗೆ ಹೋಗಿ ಸಿಮೆಂಟಿನ ಚಕ್ಕೆಯೊಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಮೀಟರ್ ತೆಗೆದರು. ಕುಯ್ಯೋ ಅಂತು. ಆದರೆ ಮೇಲೆ ಹೋದ ಹಾಗೆ ಸದ್ದು ಸಣ್ಣದಾಯಿತು. ಅಲ್ಲಲ್ಲಿ ನಿಂತೇ ಹೋಯಿತು.

“ಇಲ್ಲಿ ನೋಡಿ ಮೇಡಂ. ಈ ಗೋಡೆ ಸುಣ್ಣದ್ದು. ಸುಣ್ಣದ ಗೋಡೆ ನೀರು ಕುಡಿಯುತ್ತೆ, ಮತ್ತೆ ಗಾಳಿಗೆ ಬಿಟ್ಬಿಡುತ್ತೆ. ಯಾರೋ ಅದಕ್ಕೆ ಸಿಮೆಂಟ್ ಬಳಿದುಬಿಟ್ರು. ರೈನ್‌ಕೋಟ್ ಹಾಕ್ಸಿ ಒಳಗೇ ಬೆವರಿಸಿದ ಹಾಗೆ. ನಾನೂ ಹೊರಗಿನ ಕೋಟ್ ನೋಡಿ ಗೋಡೆಗೇ ಕಾಯಿಲೆ ಅಂದ್ಕೊಂಡೆ.”

“ಹಾಗಾದ್ರೆ ಗೋಡೆ ಗಟ್ಟಿ ಇದೆಯಾ ಸಾರ್?”

“ಹಾಗಂತ ಹೇಳಿಲ್ಲ. ಒಣಗಬಹುದು ಅಂದೆ. ಒಣಗಿದ ಮೇಲೆ ಒಳಗೆ ಏನು ಉಳಿದಿದೆ ಅಂತ ನೋಡ್ಬೇಕು.” ನನ್ನ ಕಡೆ ತಿರುಗಿದರು. “ಯಜಮಾನ್ರೇ, ಕಿಟಕಿ ಬಾಗಿಲು ತೆಗೆದಿಡಿ, ಗಾಳಿ ಆಡ್ಲಿ. ಏನೂ ಬಳೀಬೇಡಿ. ಏನೂ ಬರೀಬೇಡಿ.”

ಕೊನೆಯದನ್ನು ಒತ್ತಿ ಹೇಳಿದರು.

ಹೋಗುವಾಗ ಕಟ್ಟಡದ ಹಿಂದೆ ಹೋಗಿ ನೋಡಿದರು. ಮಾಡಿನ ನೀರು ಇಳಿಯುವ ಪೈಪು ಗಿಡದ ಮರೆಯಲ್ಲಿ ಒಡೆದು, ನೀರೆಲ್ಲ ಗೋಡೆಯ ಬುಡಕ್ಕೇ ಬೀಳುತ್ತಿತ್ತು. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೇಸ್ತ್ರಿ ಇವತ್ತೇ ಬೇರೆ ಪೈಪ್ ಹಾಕಿದ. ಹಾಕುವ ಮೊದಲು ನನ್ನನ್ನು ಕರೆದು, “ಬಾಯಲ್ಲೇ ಹೇಳ್ಬಿಡಿ ಯಜಮಾನ್ರೇ” ಅಂದ.

ಅಕ್ಟೋಬರ್ ೧೭

ಬಿಸಿಲು. ಕಿಟಕಿ ತೆಗೆದೆ.

ಅಕ್ಟೋಬರ್ ೧೮

ಬಿಸಿಲು. ಸಂಜೆ ಎರಡು ಹನಿ. ಓಡಿ ಹೋಗಿ ಕಿಟಕಿ ಹಾಕಿದೆ. ಹನಿ ಅಷ್ಟಕ್ಕೇ ನಿಂತಿತು. ಮತ್ತೆ ತೆಗೆದೆ. ಮಗಳು ನಕ್ಕಳು. ಲೋಟದ ಸದ್ದೂ ವಾಪಸ್ ಬಂದಿದೆ.

ಅಕ್ಟೋಬರ್ ೩೦

ಗೋಡೆ ಬಣ್ಣ ಬದಲಿಸುತ್ತಿದೆ. ಮೊದಲು ಹಸಿ ಮಣ್ಣಿನ ಬಣ್ಣ. ಈಗ ಮೇಲಿನಿಂದ ಬೂದಿ ಇಳಿಯುತ್ತ ಬರುತ್ತಿದೆ. ಉಪ್ಪು ಹೊರಗೆ ಬರುತ್ತದೆ, ಒಣ ಬ್ರಷ್ಷಿನಲ್ಲಿ ಉದುರಿಸುತ್ತೇನೆ. ಇಂಜಿನಿಯರೇ ಫೋನಿನಲ್ಲಿ ಹೇಳಿಕೊಟ್ಟದ್ದು. ನೀರು ಮುಟ್ಟಿಸಬೇಡಿ, ಒಣ ಬ್ರಷ್ ಅಂತ. ಬಣ್ಣ ಇಲ್ಲದ ಬ್ರಷ್ ಹಿಡಿದು ಗೋಡೆಯ ಮುಂದೆ ನಿಲ್ಲುವುದು ನನಗೆ ಹೊಸದು.

ಮಕ್ಕಳು ರಜೆ ಮುಗಿಸಿ ಬಂದಿದ್ದಾರೆ. ಕಿಟಕಿಗೆ ಜೋತುಬಿದ್ದು ನೋಡುತ್ತಾರೆ. “ಬೋರ್ಡಜ್ಜಾ, ನಾವು ಅಲ್ಲಿ ನಿಂತು ಬರೀಬಹುದಾ?”

“ಇನ್ನೂ ಇಲ್ಲ.”

“ಯಾವಾಗ?”

ಇದೇ ಪ್ರಶ್ನೆ ನನ್ನದೂ.

ಬಿಳಿಯ ಅಂಕಿಗಳನ್ನು ತಿದ್ದಬೇಕು ಅಂತ ಕೈ ತುರಿಸುತ್ತದೆ. ಮಾಸಿವೆ. ಆದರೆ ತಿದ್ದಿದರೆ ನನ್ನ ೯ ಆಗುತ್ತದೆ. ಹಾಗೇ ಬಿಟ್ಟಿದ್ದೇನೆ. ಎದುರಿಗೆ ಹಳೆ ಪೇಪರಿನ ಮೇಲೆ ಆ ಬಾಲ ಕಲಿಯುತ್ತಿದ್ದೇನೆ. ಬರುತ್ತಿಲ್ಲ. ಬರುತ್ತದೆ.

ನವೆಂಬರ್ ೧೬

ಬಂದರು. ಈ ಸಲ ಜೊತೆಗೆ ಅವರ ಮೇಲಿನವರೊಬ್ಬರು. ದೊಡ್ಡ ಸಾಹೇಬರು, ಹೊಸ ಮೂರಂತಸ್ತಿನ ನಕ್ಷೆ ಸುರುಳಿ ಸುತ್ತಿ ಕಂಕುಳಲ್ಲಿ. ಅದನ್ನು ನೋಡಿಯೇ ಮಗಳ ಮುಖ ಸಣ್ಣದಾಯಿತು.

ಮೀಟರ್ ಹಿಡಿದು ಇಂಜಿನಿಯರ್ ೧ರ ಹತ್ತಿರ ಚುಚ್ಚಿದರು. ಸದ್ದಿಲ್ಲ. ೨. ಸದ್ದಿಲ್ಲ. ನಾನು ಮನಸ್ಸಿನಲ್ಲೇ ಅಂಕಿ ಹೇಳುತ್ತಿದ್ದೆ. ೯. ಸದ್ದಿಲ್ಲ. ಅಕ್ಕನ ಜಾಗ ದಾಟಿತು ಅಂತ ಉಸಿರು ಬಿಟ್ಟೆ. ಕೊನೆಯ ಮೂಲೆಯಲ್ಲಿ, ಒಡೆದ ಪೈಪು ಇದ್ದ ಕಡೆ, ಕುಯ್ಯೋ ಅಂತು.

ಇಂಜಿನಿಯರ್ ಅಲ್ಲೇ ಬಗ್ಗಿ ಕಲ್ಲುಗಳ ನಡುವಿನ ಗಾರೆಯನ್ನು ಬೀಗದ ಕೈಯಿಂದ ಕೆರೆದರು. ಉದುರಿತು. ಸ್ವಲ್ಪ ಆಚೆ ಕೆರೆದರು. ಉದುರಲಿಲ್ಲ. ಇನ್ನೂ ಆಚೆ. ಕೈ ಜಾರಿತು, ಗಾರೆ ಹಾಗೇ ಇತ್ತು.

ಸಾಹೇಬರು, “ಹಸಿ ಇದೆಯಲ್ಲ ಇನ್ನೂ?” ಅಂದರು.

“ಇದೆ ಸಾರ್. ಈ ಮೂಲೆ ಮಾತ್ರ. ಇಷ್ಟನ್ನ ಬಿಚ್ಚಿ ಸುಣ್ಣದ ಗಾರೆಯಲ್ಲೇ ಮತ್ತೆ ಕಟ್ಟಬಹುದು. ಮಿಕ್ಕಿದ್ದು ಗಟ್ಟಿ ಇದೆ. ನಾನು ಸಹಿ ಹಾಕ್ತೀನಿ.”

“ಹೋದ ಸಲ ಕೆಡವ್ಬೇಕು ಅಂತ ನೀವೇ ಹೇಳಿದ್ರಿ.”

“ಹೋದ ಸಲ ಗೋಡೆ ಕಂಡಿರಲಿಲ್ಲ ಸಾರ್” ಅಂದರು ಇಂಜಿನಿಯರ್.

ಸಾಹೇಬರು ಕಪ್ಪು ಪಟ್ಟಿಯ ಮುಂದೆ ನಿಂತರು. ದಪ್ಪ ಮನುಷ್ಯ. ಕನ್ನಡಕ ಮೇಲೆತ್ತಿ, ಬಗ್ಗಿ, ಅಂಕಿಗಳನ್ನು ನೋಡುತ್ತ ಹೋದರು. ೫ರ ಹತ್ತಿರ ನಿಂತು, “ಇದೇನಿದು?” ಅಂದರು. ಮಗಳು ಹೇಳಿದಳು, ಮಕ್ಕಳು ಬರೆಯುತ್ತಿದ್ದ ಗೋಡೆ, ನಮ್ಮ ಅತ್ತೆಯೂ ಬರೆದಿದ್ದಾರೆ, ಇನ್ನು ಮುಂದೆ ಬರುವವರೂ ಬರೆಯಬಹುದು ಅಂತ. ಅವರು ಹ್ಞೂಂ ಅಂದರು. ಸುರುಳಿಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದರು.

“ಹಿಂದಿನ ಜಾಗ ಅಳತೆ ಮಾಡ್ಸಿ” ಅಂದರು.

ಅಷ್ಟೇ. ಅಷ್ಟೇ ಹೇಳಿ ಕಾರು ಹತ್ತಿದರು. ಏನು ಹೇಳಿದರು ಅಂತ ನನಗೆ ಗೊತ್ತಾಗಲಿಲ್ಲ. ಮಗಳ ಮುಖ ನೋಡಿದೆ. ಅಳುತ್ತಿದ್ದಳು, ನಗುತ್ತಲೂ ಇದ್ದಳು. “ಹೊಸದು ಹಿಂದೆ ಬರುತ್ತೆ ಅಪ್ಪಾ. ಇದು ಉಳಿಯುತ್ತೆ.”

“ಸರಿಯಾಗಿ ಹೇಳು” ಅಂದೆ. “ಉಳಿಯುತ್ತೋ, ಉಳಿ ಬರುತ್ತೋ?”

ಬೆನ್ನಿಗೆ ಒಂದು ಗುದ್ದಿದಳು. ಚಿಕ್ಕವಳಿದ್ದಾಗ ಗುದ್ದುತ್ತಿದ್ದ ಜಾಗಕ್ಕೇ.

ನವೆಂಬರ್ ೨೩

ಮೂಲೆಯ ಕೆಲಸ ಶುರು. ಗುರುತು ಹಾಕಲು ಮಗಳು ಮತ್ತೆ ನನಗೇ ಹೇಳಿದಳು. ಬೇರೆ ಯಾರಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಕಪ್ಪು ಪಟ್ಟಿಗಿಂತ ಮೇಲೆ, ಗೋಡೆಯ ತಿಳಿ ಹಸಿರು ಭಾಗದಲ್ಲಿ, ಬರೆದೆ. ‘ಇದನ್ನು ಹೀಗೆಯೇ ಉಳಿಸಿ. ದಯವಿಟ್ಟು ಉಳಿಯನ್ನು ಹಾಕಬೇಡಿ.’ ಇಷ್ಟುದ್ದದ್ದು ನಾನು ಜನ್ಮದಲ್ಲಿ ಬರೆದಿರಲಿಲ್ಲ. ‘ದಯವಿಟ್ಟು’ ಅಂತ ಬರೆದದ್ದಂತೂ ಇದೇ ಮೊದಲು. ಮೇಸ್ತ್ರಿ ಬಂದು ಜೋರಾಗಿ ಓದಿ, “ಈಗ ಕಾಗದ ಬರೆದ ಹಾಗಿದೆ” ಅಂದ.

ಅಕ್ಕನಿಗೂ ಕಾಗದ ಹಾಕಿದೆ. ನಾಲ್ಕು ಪುಟ. ಎಲ್ಲ ಬರೆದೆ, ಇಲ್ಲಿ ಬರೆದದ್ದನ್ನೂ. ಅಳಿಯ ಓದಲಿ. ನಡುವೆ ಏನು ಬೇಕಾದರೂ ಸೇರಿಸಲಿ.

ಡಿಸೆಂಬರ್ ೨, ಬೆಳಿಗ್ಗೆ. ಕೊನೆಯ ಕೋಣೆಯಲ್ಲಿ

ಇಲ್ಲಿ ಕೂತೇ ಬರೆಯುತ್ತಿದ್ದೇನೆ, ಮಕ್ಕಳ ಬೆಂಚಿನ ಮೇಲೆ, ಮಂಡಿ ಗಲ್ಲಕ್ಕೆ ತಾಗಿಸಿಕೊಂಡು. ಇವತ್ತಿನಿಂದ ಕ್ಲಾಸು ಇಲ್ಲೇ. ಅಕ್ಕ ನಿನ್ನೆ ಬಂದಳು. ಅಳಿಯ ಕರೆತಂದ, ದಾರಿಯುದ್ದಕ್ಕೂ ಗೋಡೆಗಳ ಬಗ್ಗೆ ತನಗೆ ಗೊತ್ತಿರುವುದನ್ನೆಲ್ಲ ಹೇಳಿದನಂತೆ. ಈಗ ಹೊರಗೆ ಜಗಲಿಯಲ್ಲಿ ಮೇಸ್ತ್ರಿಗೆ ಹೇಳುತ್ತಿದ್ದಾನೆ.

ಮಗಳು ಅಕ್ಕನ ಕೈ ಹಿಡಿದು ಗೋಡೆಯ ಹತ್ತಿರ ತಂದಳು. ಒಂಬತ್ತು ಎಲ್ಲಿ ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ. ಒಂದು ಕೈ ಕಿಟಕಿಕಟ್ಟೆಯ ಮೇಲಿಟ್ಟಳು, ಅಲ್ಲಿಂದ ಒಂದು ಹೆಜ್ಜೆ ಸರಿದಳು, ನಿಂತಳು. ಬೆನ್ನು ಬಗ್ಗಿ ಬಗ್ಗಿ ಅವಳು ಈಗ ಸರಿಯಾಗಿ ಆ ಪಟ್ಟಿಯ ಎತ್ತರಕ್ಕೇ ಬಂದಿದ್ದಾಳೆ. ಪಕ್ಕದ ಎಂಟರಲ್ಲಿ ನಿಂತ ಮಗುವಿನಷ್ಟೇ.

ಬೆರಳಿನಿಂದ ಗುಳಿಗಳನ್ನು ಸವರಿ, “ಸಿಡುಬು ಎದ್ದಿತ್ತೇ ಪಾಪ ಇದಕ್ಕೆ” ಅಂದಳು. ಮಕ್ಕಳಿಗೆ ಸಿಡುಬು ಅಂದರೆ ಗೊತ್ತಿಲ್ಲ. ಹೌದಜ್ಜಿ ಅಂದವು.

ಚಾಕ್ ಕೊಟ್ಟರು. ಈಗ ಬರೆಯುತ್ತಿದ್ದಾಳೆ. ಕಣ್ಣು ಮುಚ್ಚಿಯೇ. ಮಕ್ಕಳೂ ಬರೆಯುತ್ತಿವೆ. ಸಾಲಾಗಿ ಅಷ್ಟೂ ಚಾಕ್‌ಪೀಸುಗಳ ಸದ್ದು... ಇದನ್ನು ನಾನು ಯಾವತ್ತೂ ಒಳಗಿನಿಂದ ಕೇಳಿರಲಿಲ್ಲ. ಒಣಗಿದ ಎಲೆಯ ಮೇಲೆ ಕೋಳಿಮರಿಗಳು ಓಡಾಡಿದ ಹಾಗೆ.

“ಕುಳ್ಳಾ.”

“ಏನಕ್ಕಾ?”

“ಅಲ್ಲೇನೋ ಗೀಚ್ತಾ ಕೂತಿದ್ದೀಯಾ? ಪಕ್ಕದಲ್ಲಿ ಯಾರೂ ನಿಂತಿಲ್ಲ, ಬೆರಳಿಗೆ ಗೊತ್ತಾಗ್ತಿದೆ. ಹತ್ತು ಇನ್ನೂ ಖಾಲಿ ಇದೆ. ಬಾ.”

“ನಾನ್ಯಾಕಕ್ಕಾ ಈಗ...”

“ಬಾ ಅಂದೆ.”

ಮಕ್ಕಳೆಲ್ಲ ತಿರುಗಿ ನೋಡುತ್ತಿವೆ. ಎಂಟರ ಮಗು ತನ್ನ ಚಾಕನ್ನು ಎರಡಾಗಿ ಮುರಿದು ಒಂದು ತುಂಡು ಚಾಚಿದೆ. ಈ ಪುಸ್ತಕ ಬೆಂಚಿನ ಮೇಲೇ ಇರಲಿ. ಹೋಗಿ, ಮೊದಲು ಆ ಬಿಟ್ಟುಹೋದ ‘ಸಿ’ ಬರೆಯುತ್ತೇನೆ.